ಕನ್ನಡಿಯಿಲ್ಲದೆ ಬಾಯಿ ಬಿಡದ ಸೇನಾಪತಿ

ಸೇನಾಪತಿಗೆ ಸಿಟ್ಟು ಬಂದಿತ್ತು. ಅವನಿಗೆ ಸಿಟ್ಟು ಬರುವುದು ಸುದ್ದಿಯೇನಲ್ಲ. ಬರದಿದ್ದ ದಿನ ಬೀದಿಯವರು ಮೈ ಹುಷಾರಿಲ್ಲವೇನೋ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಆದರೆ ಹಿಂದಿನ ಸಿಟ್ಟುಗಳಿಗೆಲ್ಲ ಎದುರಿಗೊಬ್ಬ ಮನುಷ್ಯ ಇರುತ್ತಿದ್ದ. ಈ ಸಲದ ಸಿಟ್ಟಿಗೆ ಎದುರಿಗಿದ್ದದ್ದು ಅಂಗೈಯಗಲದ ಒಂದು ಗಾಜಿನ ಹಲಗೆ. ಬೈದರೆ ಅದು ಕಪ್ಪಾಗಿ ಮಲಗಿಬಿಡುತ್ತಿತ್ತು. ಬೈಯುವುದನ್ನು ನಿಲ್ಲಿಸಿದರೆ ಬೆಳಗಿ, ಮೇಲ್ಗಡೆ ಗುಲಾಬಿ ಹೂವು, ಕೆಳಗಡೆ ‘ಶುಭೋದಯ’ ತೋರಿಸುತ್ತಿತ್ತು. ಇಂಥ ನಾಚಿಕೆಗೆಟ್ಟ ಶತ್ರುವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಸೇನಾಪತಿ ಎನ್ನುವುದು ಅವನ ಹೆಸರಲ್ಲ, ಬಿರುದು. ಬೀದಿಯ ತಿರುವಿನಲ್ಲಿ ಒಂದೇ ಕುರ್ಚಿಯ ಸಲೂನು ಅವನದು. ಗಿರಾಕಿಯ ಕೊರಳಿಗೆ ಸುತ್ತುವ ಬಿಳಿ ಬಟ್ಟೆಯನ್ನು ಬಾಗಿಲಲ್ಲಿ ನಿಂತು ಧ್ವಜದಂತೆ ಫಟ್ಟೆಂದು ಒದರುವ ಗತ್ತು, ಕತ್ತರಿಯನ್ನು ತಲೆಗೆ ತಾಗಿಸುವ ಮುಂಚೆ ಗಾಳಿಯಲ್ಲಿ ಕಚಕಚ ಆಡಿಸಿ ಕೂದಲಿಗೆ ಶರಣಾಗಲು ಕೊನೆಯ ಅವಕಾಶ ಕೊಡುವ ಪರಿ, ಇವನ್ನೆಲ್ಲ ನೋಡಿ ಎದುರು ಸಾಲಿನ ದರ್ಜಿ ಇಟ್ಟ ಬಿರುದು. ದರ್ಜಿ ಇಟ್ಟದ್ದು ಗೇಲಿಗೆ. ಇವನು ತೆಗೆದುಕೊಂಡದ್ದು ಗೌರವಕ್ಕೆ.

ಕತ್ತರಿಗಿಂತ ಅವನ ನಾಲಿಗೆಗೆ ಹೆಚ್ಚು ಹೆಸರಿತ್ತು. ಸರಕಾರ ಎಲ್ಲಿ ಎಡವಿತು, ನಲ್ಲಿ ನೀರು ಏಕೆ ಬರಲಿಲ್ಲ, ಯಾರ ಮಗ ಯಾರ ಮಗಳ ಹಿಂದೆ ಬಿದ್ದಿದ್ದಾನೆ, ಬೋಳುತಲೆಗೆ ಯಾವ ಎಣ್ಣೆಯೂ ಏಕೆ ಉಪಯೋಗಕ್ಕೆ ಬಾರದು, ಎಲ್ಲವನ್ನೂ ಅವನು ಕುರ್ಚಿಯ ಹಿಂದೆ ನಿಂತು ಅಲ್ಲೇ ತೀರ್ಮಾನ ಮಾಡುತ್ತಿದ್ದ. ಆದರೆ ಈ ವಾಗ್ಝರಿಗೆ ಒಂದು ಷರತ್ತಿತ್ತು. ಎದುರಿಗೆ ಕನ್ನಡಿ ಇರಬೇಕು. ವೃತ್ತಿಗಿಳಿದ ದಿನದಿಂದ ಅವನು ಜನರನ್ನು ಕಂಡದ್ದು ಹಾಗೆಯೇ: ಕೈಯಳತೆಯಲ್ಲಿ ಅವರ ನೆತ್ತಿ, ಎದುರುಗಡೆ ಗಾಜಿನೊಳಗೆ ಅವರ ಮುಖ. ಗಾಜಿನ ಮುಖದ ಜೊತೆ ಅವನು ಗಂಟೆಗಟ್ಟಲೆ ಮಾತಾಡಬಲ್ಲ. ಅದೇ ಗಿರಾಕಿ ಸಂಜೆ ತರಕಾರಿ ಅಂಗಡಿಯಲ್ಲಿ ಎದುರು ಸಿಕ್ಕರೆ ಸೇನಾಪತಿಯ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. “ಹ್ಞಾಂ… ಏನು… ಬದನೆಕಾಯಾ?” ಎಂದು ಅವರ ಚೀಲ ನೋಡಿ ತಪ್ಪಿಸಿಕೊಳ್ಳುತ್ತಿದ್ದ. ಗಾಜಿಲ್ಲದ ಮುಖವನ್ನು ನೆಟ್ಟಗೆ ನೋಡಿ ಮಾತಾಡುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು.

ಮನೆಯೆಂದರೆ ಸಲೂನಿನ ಹಿಂದಿನ ಒಂದು ಕೋಣೆ, ಒಂದು ಅಡುಗೆಮೂಲೆ, ನಡುವೆ ಒಂದು ಪರದೆ. ಪರದೆಯ ಆಚೆ ಹೆಂಡತಿ ದಿನವಿಡೀ ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಚುತ್ತಲೋ ಗಂಡನ ಭಾಷಣ ಕೇಳುತ್ತಿದ್ದಳು. ಅಂಗಡಿ ಮುಚ್ಚಿ ಅವನು ಪರದೆ ಸರಿಸಿ ಒಳಗೆ ಬಂದರೆ ಭಾಷಣ ಅಲ್ಲೇ ಕನ್ನಡಿಯ ಹತ್ತಿರ ಉಳಿದುಬಿಡುತ್ತಿತ್ತು. ಅವಳು ಕೇಳಿದ್ದಕ್ಕೆಲ್ಲ ಅವನದು ‘ಹ್ಞೂಂ’. ಅವಳಿಗೆ ಸಿಟ್ಟು ಬಂದರೆ ‘ಹ್ಞೂಂ ಹ್ಞೂಂ’. ಬದುಕು ಹೇಗೋ ಸಾಗಿತ್ತು. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಷ್ಟು ಚಿಕ್ಕ ಮನೆಯಲ್ಲಿ ‘ಹ್ಞೂಂ’ ಎನ್ನುವುದೂ ಒಂದು ಭಾಷೆಯೇ.

ಅಷ್ಟರಲ್ಲಿ ದೇಶಕ್ಕೇ ರೋಗ ಬಂತು. ಮಗಳ ಬಾಣಂತನಕ್ಕೆಂದು ಹೆಂಡತಿ ದೂರದ ಊರಿಗೆ ಹೋಗಿದ್ದಳು. ಅವಳು ಹೋಗಿ ಕೂತಳು, ಇತ್ತ ಬಸ್ಸು ನಿಂತವು, ರೈಲು ನಿಂತವು, ರಸ್ತೆಗೆ ಅಡ್ಡಗಟ್ಟೆ ಬಿತ್ತು. ಸಲೂನಿಗೆ ಬೀಗ. ಮುಟ್ಟದೆ ಕೂದಲು ಕತ್ತರಿಸುವ ವಿದ್ಯೆ ಇನ್ನೂ ಹುಟ್ಟಿರಲಿಲ್ಲವಲ್ಲ. ಊರಿಗೆ ಊರೇ ಜಡೆ ಬಿಟ್ಟುಕೊಂಡು ಮನೆಯಲ್ಲಿ ಕೂತಿತು. ಸೇನಾಪತಿ ಖಾಲಿ ಕುರ್ಚಿಯ ಹಿಂದೆ ನಿಂತು ಕನ್ನಡಿ ನೋಡಿದ. ಅಲ್ಲಿ ಒಬ್ಬನೇ ಒಬ್ಬ ಇದ್ದ. ಅವನ ಜೊತೆ ಮಾತಾಡುವಂಥದ್ದು ಏನೂ ಇರಲಿಲ್ಲ.

ಆಗ ಮೂಲೆಯಿಂದ ಎದ್ದು ಬಂದದ್ದು ಈ ಗಾಜಿನ ಹಲಗೆ. ಹಿಂದೊಮ್ಮೆ ಅಳಿಯ ತಂದುಕೊಟ್ಟ ಫೋನು. ಅಳಿಯ ಕಂಪನಿಯೊಂದರಲ್ಲಿ ಯಾರೋ ಯಾರಿಗೋ ಕಳಿಸಿದ ಸರಕು ಎಲ್ಲಿಗೆ ಬಂತು ಎಂದು ನೋಡುವ ಕೆಲಸದವನು. ಒಳ್ಳೆಯವನೇ. ಆದರೆ ಪ್ರಪಂಚದ ಕಷ್ಟಗಳೆಲ್ಲ ಒಂದು ಗುಂಡಿ ಒತ್ತಿದರೆ ತೀರುತ್ತವೆ ಎನ್ನುವ ನಂಬಿಕೆಯವನು. “ಮಾವ, ಇನ್ನು ನೀವು ಒಂಟಿ ಅಲ್ಲ ಬಿಡಿ. ಎಲ್ಲರೂ ನಿಮ್ಮ ಕೈಯಲ್ಲೇ ಇದ್ದೀವಿ!” ಎಂದು ಅವನು ಮೊದಲ ಕರೆಯಲ್ಲೇ ಸಾರಿದ. ಸೇನಾಪತಿ ಕೈ ನೋಡಿಕೊಂಡ. ಕೈಯಲ್ಲಿ ಎಲ್ಲರೂ ಇದ್ದರು. ಎಲ್ಲರ ಬಾಯಿ ಅಲ್ಲಾಡುತ್ತಿತ್ತು. ಆಮೇಲೆ ಯಾರ ಧ್ವನಿಯೂ ಬರಲಿಲ್ಲ.

ಮೊದಲು ಅವನು ಗಿರಾಕಿಗಳಿಗೆ ಸಂದೇಶ ಕಳಿಸಿ ನೋಡಿದ. ಕೂತು, ಒಂದೊಂದೇ ಅಕ್ಷರ ಹುಡುಕಿ, ಬೆವರಿಳಿಸಿ, ಯೋಗಕ್ಷೇಮ ಕೇಳಿ ಬರೆದ. ಹೆಡ್ ಮಾಸ್ತರರಿಂದ ಉತ್ತರ ಬಂತು: ಒಂದು ಹೆಬ್ಬೆರಳು. ಔಷಧಿ ಅಂಗಡಿಯವನಿಂದ: ಒಂದು ಹೆಬ್ಬೆರಳು. ಇಪ್ಪತ್ತು ವರ್ಷ ಅವನ ಕುರ್ಚಿಯಲ್ಲಿ ಕೂತು ಮನೆಯ ಗುಟ್ಟನ್ನೆಲ್ಲ ಸುರಿದ ವಕೀಲರಿಂದ: ಎರಡು ಹೆಬ್ಬೆರಳು.

“ಇಷ್ಟು ಓದಿದ ಜನ, ನನಗೆ ಹೆಬ್ಬೆಟ್ಟು ಒತ್ತಿ ಕಳಿಸ್ತಾರಲ್ಲಯ್ಯಾ!” ಎಂದು ಅವನು, ಮುಖ ನೋಡದೆ, ಬೀದಿಯಾಚೆಯ ದರ್ಜಿಗೆ ಕೂಗಿ ಹೇಳಿದ. ದರ್ಜಿಯ ಮನೆ ಅಂಗಡಿಯ ಮೇಲೆಯೇ. ಅವನು ಕಿಟಕಿಗೆ ಮೊಣಕೈ ಊರಿ, ಹಳೆಯ ಪ್ಯಾಂಟುಗಳನ್ನು ಮುಖಗವುಸು ಮಾಡುವ ಕೆಲಸದಲ್ಲಿದ್ದ.

“ಹೆಬ್ಬೆರಳಾದರೂ ಬಂತಲ್ಲ. ನನ್ನ ತಮ್ಮ ಅದೂ ಕಳಿಸಲ್ಲ. ಅಂದಹಾಗೆ ಮನೆಯವರು ಏನಂತಾರೆ?”

“ಏನಂತಾಳೆ. ಚೆನ್ನಾಗಿದ್ದಾಳಂತೆ.”

“ನೀನೇನಂದೆ?”

“ಹ್ಞೂಂ ಅಂದೆ.”

“ಅಯ್ಯೋ ನಿನ್ನ! ಅಷ್ಟು ದೂರಕ್ಕೆ ‘ಹ್ಞೂಂ’ ಕಳಿಸೋಕೆ ಆ ಯಂತ್ರ ಯಾಕಯ್ಯಾ? ಎಮ್ಮೆ ಕಟ್ಟಿಕೊಂಡಿದ್ರೆ ಅದೇ ಹೇಳ್ತಿತ್ತು.”

ದರ್ಜಿ ನಕ್ಕ. ಸೇನಾಪತಿ ಬಾಗಿಲು ಬಡಿದು ಒಳಗೆ ಹೋದ. ಏಕೆಂದರೆ ಮಾತು ನಿಜವಾಗಿತ್ತು. ಪ್ರತಿ ಸಂಜೆ ಹಲಗೆಯ ಮೇಲೆ ಹೆಂಡತಿಯ ಮುಖ ಮೂಡುತ್ತಿತ್ತು. ದೊಡ್ಡದಾಗಿ, ನೆಟ್ಟಗೆ, ಅವನನ್ನೇ ನೋಡುತ್ತ. ಮದುವೆಯಾದಾಗಿನಿಂದ ಅಷ್ಟು ಹತ್ತಿರದಿಂದ, ಅಷ್ಟು ಎದುರಿನಿಂದ ಅವಳು ಅವನನ್ನು ನೋಡಿದ್ದಿಲ್ಲ. ಅವನು ನೋಡಲು ಬಿಟ್ಟಿದ್ದೂ ಇಲ್ಲ. ಅವನು ಎದೆಯಲ್ಲಿ ಕಟ್ಟಿಟ್ಟುಕೊಂಡ ಮಾತೆಲ್ಲ ಆ ಕಣ್ಣು ಕಂಡ ಕೂಡಲೇ ಚೆಲ್ಲಾಪಿಲ್ಲಿಯಾಗಿ ಓಡುತ್ತಿತ್ತು. ಅವಳ ಭುಜದ ಹಿಂದಿನಿಂದ ಮಗಳು “ಅಪ್ಪಾ, ಊಟ ಆಯ್ತಾ?” ಎನ್ನುತ್ತಿದ್ದಳು. ಅಳಿಯ “ಮಾವ, ಸ್ವಲ್ಪ ಬೆಳಕಿಗೆ ಬನ್ನಿ” ಎನ್ನುತ್ತಿದ್ದ. ಇವನು ಬೆಳಕಿಗೆ ಬಂದು “ಹ್ಞೂಂ” ಎನ್ನುತ್ತಿದ್ದ. “ಅಪ್ಪ ಆರಾಮಾಗಿದ್ದಾರೆ” ಎಂದು ಮನೆಮಂದಿ ಠರಾವು ಪಾಸು ಮಾಡುತ್ತಿತ್ತು.

ಆರಾಮು! ತಟ್ಟೆ ತೊಳೆಯದೆ ಅದೇ ತಟ್ಟೆಯಲ್ಲಿ ಮತ್ತೆ ತಿನ್ನುವುದು, ಪರದೆಯ ಆಚೆ ಸದ್ದಾದಂತಾಗಿ ಎದ್ದು ನೋಡಿದರೆ ಗಾಳಿ, ಒಬ್ಬನೇ ಕೂತು ಹಳೆಯ ಗಿರಾಕಿಗಳ ಕೆಮ್ಮನ್ನು ನೆನೆಸಿಕೊಳ್ಳುವುದು, ಇದಕ್ಕೆ ಆರಾಮು ಎಂದು ಹೆಸರಿಟ್ಟವರನ್ನು ಎದುರಿಗೆ ನಿಲ್ಲಿಸಿ ಬೋಳಿಸಬೇಕು ಎಂದು ಅವನಿಗೆ ಅನ್ನಿಸುತ್ತಿತ್ತು.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದನೇನೋ. ಒಂದು ಸಂಜೆ ಅಳಿಯ ಗಂಟಲು ಸರಿಮಾಡಿಕೊಂಡು ಹಲಗೆಯಲ್ಲಿ ಮೂಡಿದ. “ಮಾವ, ಮುಂದಿನ ವಾರ ಬಸ್ಸು ಬಿಡ್ತಾರಂತೆ. ನಾವು ಒಂದು ಯೋಚನೆ ಮಾಡಿದ್ವಿ. ಅತ್ತೆ ಇಲ್ಲೇ ಇದ್ದುಬಿಡಲಿ. ಅಂದ್ರೆ, ಇನ್ನು ಮೇಲೆ ಇಲ್ಲೇ. ಮಗುಗೂ ಅಜ್ಜಿ ಸಿಕ್ಕಿದ ಹಾಗಾಗುತ್ತೆ. ಇವಳಿಗೂ ಕೆಲಸಕ್ಕೆ ಹೋಗೋಕೆ ಅನುಕೂಲ. ನೀವು ಹೇಗೂ ದಿನಾ ವಿಡಿಯೋದಲ್ಲಿ ಸಿಗ್ತೀರಲ್ಲ!”

ಮಗಳು ತಲೆಯಾಡಿಸಿದಳು. ಮಗು ಅತ್ತಿತು. ಹೆಂಡತಿ ಮಾತ್ರ ಹಲಗೆಯೊಳಗಿಂದ ಅವನನ್ನೇ ನೋಡಿದಳು. “ನೀವೇನಂತೀರಿ?”

ಸೇನಾಪತಿಯೊಳಗೆ ರಣಭೇರಿ ಮೊಳಗಿತು. ‘ಬೇಡ, ನೀನು ಬಾ’ ಎನ್ನುವ ಮಾತು ಕವಚ ತೊಟ್ಟು, ಕುದುರೆ ಹತ್ತಿ, ಗಂಟಲಿನ ಹೆಬ್ಬಾಗಿಲವರೆಗೆ ಬಂತು. ಅಲ್ಲಿ ಬಂದು ಎದುರಿಗಿದ್ದ ಆ ದೊಡ್ಡ ಮುಖವನ್ನು ನೋಡಿತು. ಕುದುರೆ ಇಳಿದು ಓಡಿಹೋಯಿತು.

“ನಿನ್ನಿಷ್ಟ” ಎಂದ ಸೇನಾಪತಿ.

ಹೆಂಡತಿಯ ಮುಖ ಒಂದು ಗಳಿಗೆ ಹಾಗೇ ನಿಂತಿತು. ಫೋನಿನ ಜಾಲ ಕೈಕೊಟ್ಟು ನಿಂತಿತೋ, ಅವಳೇ ನಿಂತಳೋ ಅವನಿಗೆ ತಿಳಿಯಲಿಲ್ಲ. “ಸರಿ. ಬಸ್ಸು ಬಿಡೋ ಹೊತ್ತಿಗೆ ಹೇಳ್ತೀನಿ” ಎಂದಳು. ಹಲಗೆ ಕಪ್ಪಾಯಿತು.

ಅವತ್ತು ಸೇನಾಪತಿ ಮಾಡಿಕೊಂಡ ಸಿಟ್ಟು ಬೀದಿಯ ಚರಿತ್ರೆಯಲ್ಲಿ ಬರೆದಿಡುವಂಥದ್ದು. ಅಳಿಯನನ್ನು ಬೈದ, ಮಗಳನ್ನು ಬೈದ, ಫೋನು ಕಂಡುಹಿಡಿದವನ ಏಳು ತಲೆಮಾರನ್ನು ಎಬ್ಬಿಸಿ ಕೂರಿಸಿ ಬೈದ. ಎಲ್ಲ ಮುಗಿದ ಮೇಲೆ ಕನ್ನಡಿಯಲ್ಲಿದ್ದವನನ್ನು ಬೈದ: “ನಿನ್ನಿಷ್ಟ ಅಂತೆ! ಇಷ್ಟ ನಿಂದಲ್ವೇನೋ, ಮುಠ್ಠಾಳ? ಬಾಯಲ್ಲಿ ಏನು ಮುಲಾಮು ತುಂಬಿಕೊಂಡಿದ್ಯಾ?” ಕನ್ನಡಿಯ ಮುಂದೆ ಆ ಮಾತು ಎಷ್ಟು ಸಲೀಸಾಗಿ ಬಂತು ಎಂದರೆ, ಅವನು ಬೈಯುವುದನ್ನು ನಿಲ್ಲಿಸಿ ತನ್ನ ಬಾಯಿಯನ್ನೇ ನೋಡಿದ. ಅವನ ತಲೆಯಲ್ಲಿ ಯುದ್ಧತಂತ್ರವೊಂದು ಹೊಳೆಯಿತು.

ಮರುದಿನ ಸಂಜೆ ಅವನು ಸಲೂನಿನ ಶಟರನ್ನು ಒಳಗಿನಿಂದ ಎಳೆದು, ದೀಪ ಹಾಕಿದ. ಫೋನನ್ನು ಗಿರಾಕಿಯ ಕುರ್ಚಿಯಲ್ಲಿ ತಲೆದಿಂಬಿಗೆ ಒರಗಿಸಿ, ಕನ್ನಡಿಗೆ ಮುಖಮಾಡಿ ಕೂರಿಸಿದ. ಜಾರಬಾರದೆಂದು ಬಿಳಿ ಬಟ್ಟೆಯನ್ನು ಅದರ ಕೊರಳಿಗೆ, ಅಂದರೆ ಅದಕ್ಕೆ ಕೊರಳಿದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ, ಸುತ್ತಿದ. ತಾನು ಕುರ್ಚಿಯ ಹಿಂದೆ ನಿಂತ. ಹೆಂಡತಿಯ ಮುಖ ಮೂಡಿತು. ಕನ್ನಡಿಯೊಳಗೆ, ಬಿಳಿ ಬಟ್ಟೆಯ ಮೇಲ್ಗಡೆ, ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಅವಳು ಕಂಡಳು. ಕನ್ನಡಿಯೊಳಗಿನ ಇವನೂ ಅವಳಿಗೆ ಕಂಡ.

“ಇದೇನ್ರೀ ಇದು? ನನ್ನನ್ನ ಎಲ್ಲಿ ಕೂರಿಸಿದ್ದೀರಿ?”

“ಇರು, ಇರು. ಹೀಗೇ ಸರಿ. ಅಲ್ಲಾಡಬೇಡ” ಎಂದ ಸೇನಾಪತಿ. ಎಂದವನೇ ಶುರುಮಾಡಿದ. ಅಬ್ಬಾ, ಎಂಥ ಪ್ರವಾಹ! ಹಾಲಿನವನು ಬೆರೆಸುವ ನೀರನ್ನೂ ಈಗ ಸೋಪು ಹಾಕಿ ತೊಳೆಯುತ್ತಾನೆ ಎಂದ. ಹೆಡ್ ಮಾಸ್ತರರ ತಲೆ ಕಿಟಕಿಯಲ್ಲಿ ಕಂಡಿತು, ಹಕ್ಕಿ ಗೂಡು ಕಟ್ಟಲು ಸ್ಥಳ ನೋಡಿ ಹೋಗಿದೆ ಎಂದ. ಔಷಧಿ ಅಂಗಡಿಯವನ ಹೆಂಡತಿ ಅವನ ತಲೆಗೆ ಬಟ್ಟಲು ಕವುಚಿ ಕೂದಲು ಕತ್ತರಿಸಿದ್ದಾಳೆ, ಈಗ ಅವನು ಕದ ತೆರೆಯದೆ ಮಾತ್ರೆ ಮಾರುತ್ತಾನೆ ಎಂದ. ಕೈ ತಾನಾಗಿ ಬಾಚಣಿಗೆ ಹಿಡಿದಿತ್ತು. ಫೋನಿನ ನೆತ್ತಿಯ ಮೇಲೆ ಗಾಳಿಯಲ್ಲಿ ಬಾಚುತ್ತಲೇ ಇದ್ದ. ಹೆಂಡತಿ ಮೊದಲು ನಕ್ಕಳು. ಅವನು ಸರಕಾರದ ತಪ್ಪುಗಳಿಗೆ ಬಂದಾಗ ತಡೆದಳು.

“ರೀ, ನಿಲ್ಸಿ.”

“ಹ್ಞಾಂ?”

“ನಾನೇನು ನಿಮ್ಮ ಗಿರಾಕಿನಾ?”

ಬಾಚಣಿಗೆ ಗಾಳಿಯಲ್ಲಿ ನಿಂತಿತು.

“ಇಷ್ಟು ವರ್ಷ ಪರದೆ ಹಿಂದೆ ಕೂತು ಇದನ್ನೇ ಕೇಳಿದ್ದೀನಿ ನಾನು. ಊರವರಿಗೆಲ್ಲ ಹೇಳಿ ಮಿಕ್ಕಿದ್ದು. ಈಗ ನನಗೂ ಬಟ್ಟೆ ಸುತ್ತಿ ಕೂರಿಸಿ ಅದನ್ನೇ ಉಣಬಡಿಸ್ತೀರಾ? ನಾನು ಕೇಳಿದ್ದು ಒಂದು ಪ್ರಶ್ನೆ. ಹಾಲಿನವನ ವಿಷಯ ಅಲ್ಲ.”

“ಅಲ್ವೇ, ನಾನು ಅದಕ್ಕೇ ಬರ್ತಿದ್ದೆ…”

“ಬಂದಾಗ ಹೇಳಿ.”

ಬೆಂಕಿಪೊಟ್ಟಣ ಆರಿಹೋಯಿತು. ಸೇನಾಪತಿ ಬಾಚಣಿಗೆಯನ್ನು ಕನ್ನಡಿಗೆ ಎಸೆದ. ಕನ್ನಡಿ ಒಡೆಯಲಿಲ್ಲ; ಬಾಚಣಿಗೆಯ ಎರಡು ಹಲ್ಲು ಮುರಿಯಿತು. ಅವನ ಸಿಟ್ಟಿಗೆ ಸಿಕ್ಕ ಒಟ್ಟು ಜಯ ಅಷ್ಟೇ.

ಮೂರನೆಯ ಹಾಗೂ ಕಡೆಯ ಯುದ್ಧಕ್ಕೆ ಆಹ್ವಾನ ಕೊಟ್ಟವನು ಅಳಿಯ. ಮರುದಿನ ಬೆಳಗ್ಗೆಯೇ ಕರೆ ಮಾಡಿದ. ಹಲಗೆಯಲ್ಲಿ ಮೂಡಿದ ತಲೆಯನ್ನು ಸೇನಾಪತಿ ಮೊದಲ ಸಲ ವೃತ್ತಿಯ ಕಣ್ಣಿನಿಂದ ನೋಡಿದ. ಕಿವಿ ಮುಚ್ಚುವಷ್ಟು ಕೂದಲು.

“ಮಾವ, ಮಧ್ಯಾಹ್ನ ನಮ್ಮ ದೊಡ್ಡ ಸಾಹೇಬರ ಜೊತೆ ವಿಡಿಯೋ ಮೀಟಿಂಗು. ಬಡ್ತಿ ವಿಷಯ. ಈ ಮುಖ ಇಟ್ಟುಕೊಂಡು ಕೂತರೆ ಕಾವಲಿಗೂ ಇಟ್ಟುಕೊಳ್ಳಲ್ಲ. ನೀವು ಇಲ್ಲಿಂದ ಹೇಳಿ, ಅತ್ತೆ ಕತ್ತರಿಸ್ತಾರೆ.”

ಸೇನಾಪತಿಯ ಎದೆ ಹಿಗ್ಗಿತು. ಇದು ಅವನ ರಣಭೂಮಿ. ಇಲ್ಲಿ ಗೆದ್ದರೆ, ಗೆದ್ದ ಹುಮ್ಮಸ್ಸಿನಲ್ಲೇ ಆ ಮಾತನ್ನೂ ಹೇಳಿಬಿಡುವುದು ಎಂದು ನಿಶ್ಚಯಿಸಿದ. “ಅವಳಿಗೇನು ಬರಲ್ವಾ? ಇಷ್ಟು ವರ್ಷ ಕತ್ತರಿ ಸದ್ದು ಕೇಳಿದವಳು. ಒಂದು ದುಪ್ಪಟಿ ಸುತ್ತಿಕೊಳ್ಳಿ. ಕನ್ನಡಕ ತೆಗೀರಿ. ಕತ್ತು ಅಲ್ಲಾಡಿಸಬಾರದು. ಏ, ಕೇಳಿಸ್ತಾ? ಬಾಚಣಿಗೆಯಲ್ಲಿ ಎತ್ತಿ ಹಿಡಿ, ಮೇಲೆ ಬಂದದ್ದನ್ನು ಮಾತ್ರ ಕತ್ತರಿಸು.”

ಇಲ್ಲಿ ಒಂದು ಸಂಗತಿ ಹೇಳಬೇಕು. ಸಲೂನಿನಲ್ಲಿ ಗಿರಾಕಿಯೂ ಕ್ಷೌರಿಕನೂ ಒಂದೇ ಕಡೆ ಮುಖ ಮಾಡಿರುತ್ತಾರೆ, ಕನ್ನಡಿಯ ಕಡೆ. ಗಾಜಿನಲ್ಲಿ ಬಲಗಡೆ ಕಂಡದ್ದು ಗಿರಾಕಿಯ ಬಲಗಡೆಯೇ. ಯೋಚಿಸುವ ಗೋಜೇ ಇಲ್ಲ. ಈ ಲೆಕ್ಕ ಸೇನಾಪತಿಯ ಮೂಳೆಗೆ ಇಳಿದುಹೋಗಿತ್ತು. ಆದರೆ ಫೋನಿನ ಗಾಜು ಕನ್ನಡಿಯಲ್ಲ. ಅಲ್ಲಿ ಅಳಿಯ ಇವನಿಗೆ ಎದುರಾಗಿ ಕೂತಿದ್ದ. ಗಾಜಿನ ಬಲಗಡೆ ಕಂಡ ಕಿವಿ ಅಳಿಯನ ಎಡಗಿವಿ.

“ಬಲಗಡೆ ಉದ್ದ ಇದೆ. ಬಲಗಡೆ ತೆಗಿ” ಎಂದ ಸೇನಾಪತಿ.

ಹೆಂಡತಿ ಅಳಿಯನ ಹಿಂದೆ ನಿಂತು ಅವನ ಬಲಗಡೆ ಕತ್ತರಿಸಿದಳು. ಕತ್ತರಿಸುತ್ತಿದ್ದ ಕಡೆ ಕಾಣದಂತೆ ಅವಳ ತೋಳೇ ಅಡ್ಡ ಬಂತು. ಚಿತ್ರ ನಿಂತು, ನಡುಗಿ, ಮತ್ತೆ ನಡೆಯಿತು. ಸೇನಾಪತಿ ನೋಡಿದರೆ ಗಾಜಿನ ಬಲಗಡೆಯ ಪೊದೆ ಇದ್ದ ಹಾಗೇ ಇದೆ.

“ಬಲಗಡೆ ಅಂದೆ!”

“ಬಲಗಡೆನೇ ಕತ್ತರಿಸಿದ್ದು!”

“ಎಲ್ಲಿ ಕತ್ತರಿಸಿದೆ? ಕಾಡು ಕಾಡಿನ ಹಾಗೇ ನಿಂತಿದೆ! ಇನ್ನೂ ತೆಗಿ!”

ಅವಳು ಇನ್ನೂ ತೆಗೆದಳು. ಅಳಿಯ ಕನ್ನಡಕವಿಲ್ಲದೆ, ಕತ್ತು ಅಲ್ಲಾಡಿಸದೆ, ಮಾವನ ಕೈಗುಣವನ್ನು ನಂಬಿ ದೇವರಂತೆ ಕೂತಿದ್ದ.

“ಬಲಗಡೆ ಕಣೇ, ಬಲಗಡೆ! ಊಟ ಮಾಡೋ ಕೈ ಕಡೆ! ಬುಡಕ್ಕೆ ಹಾಕು!”

“ಬುಡಕ್ಕಾ?”

“ನಾನು ಹೇಳ್ತಿರೋದು ಬುಡಕ್ಕೇ!”

ಬುಡಕ್ಕೆ ಹಾಕಿದಳು. ಪಕ್ಕದ ಕೋಣೆಯಿಂದ ಮಗಳು ಮಗುವನ್ನು ಎತ್ತಿಕೊಂಡು ಬಂದು, ಗಂಡನನ್ನು ನೋಡಿ, ಕಿಟಾರನೆ ಕಿರುಚಿದಳು. ಅಳಿಯ ಕನ್ನಡಕ ಹಾಕಿಕೊಂಡ. ಅವನ ತಲೆಯ ಎಡ ಅರ್ಧ ಅಡವಿ. ಬಲ ಅರ್ಧ ಯಾರೋ ಬೆಂಕಿ ಹಾಕಿ, ಆರಿಸಿ, ಮತ್ತೆ ಹಾಕಿದ ಹೊಲ.

“ಮಾವಾ!” ಎಂದ ಅಳಿಯ. ಮುಖಗವುಸು ಹಣೆಯಿಂದ ಮೇಲಕ್ಕೂ ಬರುತ್ತದೆಯೇ ಎಂದು ಹುಡುಕುತ್ತ ಒಳಗೆ ಓಡಿದ.

ಹಲಗೆಯಲ್ಲಿ ಹೆಂಡತಿ ಒಬ್ಬಳೇ ಉಳಿದಳು, ಕೈಯಲ್ಲಿ ಕತ್ತರಿ. “ಮಾಡಿದ್ರಲ್ಲ! ಅವರ ಬಡ್ತಿ ಹೋಯ್ತು. ನನ್ನ ಮಾನ ಹೋಯ್ತು. ಬಲಗಡೆ ಬಲಗಡೆ ಅಂತ ಬಡಕೊಂಡ್ರಿ!”

“ನೀನು ನೋಡಿ ಕತ್ತರಿಸಬೇಕಿತ್ತು! ಕಣ್ಣಿರಲಿಲ್ವಾ?”

“ನಿಮ್ಮ ಮಾತು ಕೇಳಿದ್ದೇ ನನ್ನ ತಪ್ಪು! ಯಾವತ್ತೂ ಮಾತಾಡದೋರು, ಮಾತಾಡಿದ್ರೆ ಇದು!”

“ಹ್ಞೂಂ, ನನ್ನದೇ ತಪ್ಪು. ಎಲ್ಲ ನನ್ನದೇ. ಅದಕ್ಕೇ ಅಲ್ವಾ ಅಲ್ಲೇ ಬೇರು ಬಿಟ್ಟಿರೋದು ನೀನು?”

“ಬೇರು ಬಿಡೋಕೆ ‘ನಿನ್ನಿಷ್ಟ’ ಅಂತ ನೀರು ಹಾಕಿದೋರು ಯಾರು?”

ಸೇನಾಪತಿಗೆ ಸಿಟ್ಟು ನೆತ್ತಿಗೇರಿತು. ಎದುರಿಗೆ ಕನ್ನಡಿಯಿಲ್ಲ, ಬಟ್ಟೆಯಿಲ್ಲ, ನೆತ್ತಿಯಿಲ್ಲ. ಫೋನನ್ನು ಎರಡೂ ಕೈಯಲ್ಲಿ, ಯಾರದೋ ಕೊರಳಪಟ್ಟಿ ಹಿಡಿದಂತೆ ಹಿಡಿದಿದ್ದ. ಅವಳ ಕಣ್ಣಿನಲ್ಲಿ ಕಣ್ಣಿಟ್ಟಿದ್ದೇನೆ ಎನ್ನುವುದೂ ಅವನಿಗೆ ಮರೆತುಹೋಗಿತ್ತು.

“ಮತ್ತೇನನ್ನಬೇಕಿತ್ತು? ಎಲ್ಲರ ಮುಂದೆ ನಿಂತು ಅಳಬೇಕಿತ್ತಾ? ನನ್ನಿಂದ ಆಗಲ್ಲ ಕಣೇ ಇಲ್ಲಿ! ಆ ಪರದೆ ಆ ಕಡೆ ಯಾರೂ ಇಲ್ಲ ಅಂದ್ರೆ ನಾನು ಯಾರಿಗೆ ಮಾತಾಡ್ಲಿ? ಗಿರಾಕಿಗೆ ಮಾತಾಡ್ತಿದ್ನಾ ನಾನು? ಆ ಹೆಡ್ ಮಾಸ್ತರರಿಗೆ ನನ್ನ ಮಾತು ಕಟ್ಟಿಕೊಂಡು ಏನಾಗಬೇಕು? ನೀನು ಒಳಗೆ ಕೇಳ್ತಾ ಇದ್ದೀಯ ಅಂತಲ್ವಾ ಅಷ್ಟು ಗಟ್ಟಿಯಾಗಿ ಹೇಳ್ತಿದ್ದದ್ದು! ಒಂದೊಂದು ಸಲ ನೀನು ನಗೋದು ಕೇಳಿಸ್ತಿತ್ತು. ಅವತ್ತು ಅಂಗಡಿ ಮುಚ್ಚೋಕೇ ಮನಸ್ಸು ಬರ್ತಿರಲಿಲ್ಲ. ಬಾ ಅಂದ್ರೆ ಬಾ! ವಿಡಿಯೋದಲ್ಲಿ ಸಿಗ್ತಾನಂತೆ ಮಾವ! ಯಾವನಿಗೆ ಬೇಕು ನಿನ್ನ ವಿಡಿಯೋ!”

ಇಷ್ಟು ಹೇಳಿ ಅವನು ಏದುಸಿರು ಬಿಟ್ಟ. ಹಲಗೆಯಲ್ಲಿ ಅವಳ ಮುಖ ಬಾಯಿ ಅರ್ಧ ತೆರೆದು ಕಲ್ಲಾಗಿತ್ತು. ಜಾಲ ನಿಂತಿತ್ತು. ಅವನು ಕಾದ. ಫೋನನ್ನು ಆ ಗೋಡೆಗೆ ಒಯ್ದ, ಈ ಗೋಡೆಗೆ ಒಯ್ದ, ಕುರ್ಚಿ ಹತ್ತಿ ಸೂರಿಗೆ ಹಿಡಿದ. ತನ್ನ ಜನ್ಮದ ಮಾತು ಹೋಗಿ ಮುಟ್ಟಿತೋ, ದಾರಿಯಲ್ಲಿ ಯಾವ ಕಂಬಕ್ಕೆ ಸಿಕ್ಕಿ ನೇತಾಡುತ್ತಿದೆಯೋ ಗೊತ್ತಾಗದೆ ಕುರ್ಚಿಯ ಮೇಲೆ ನಿಂತೇ ಅವನು ಕಂಬಗಳನ್ನೆಲ್ಲ ಬೈದ.

ಕಡೆಗೆ ಅವಳ ಧ್ವನಿ ಬಂತು. ಮುಖ ಇನ್ನೂ ಕಲ್ಲಾಗಿಯೇ ಇತ್ತು. “…ಇಷ್ಟು ವರ್ಷ ಗಟ್ಟಿಯಾಗಿ ಹೇಳಿದ್ರಂತೆ! ನನಗೆ ಅಂತ ನನಗೆ ಹೇಳಬೇಕಿತ್ತಲ್ಲ! ನಾನೇನು ಕನಸು ಕಾಣಬೇಕಿತ್ತಾ?”

“ಅಂದ್ರೆ ಕೇಳಿಸ್ತಾ ನಿನಗೆ?”

“…ಗೋಡೆ ಹಿಂದೆ ಕದ್ದು ಕೇಳೋಳ ಹಾಗೆ ನಕ್ಕಿದ್ದೀನಿ ನಾನು, ಬಾಯಿಗೆ ಸೆರಗು ಇಟ್ಟುಕೊಂಡು…”

“ಕೇಳಿಸ್ತಾ ಅಂದೆ!”

“ಏನು? ನೀವು ಮಧ್ಯೆ ಬಾಯಿ ಹಾಕಬೇಡಿ!”

“ನಾನೆಲ್ಲಿ ಹಾಕಿದೆ? ನಿನ್ನ ಮಾತು ಈಗ ಬರ್ತಿದೆ!”

“…ಹಾಕಿದ್ರಿ! ಯಾವಾಗಲೂ…”

ಅವಳು ಬೈದದ್ದು ಇವನು ಸುಮ್ಮನಾದ ಮೇಲೆ ಬಂದು ಬೀಳುತ್ತಿತ್ತು. ಇವನು ತಿರುಗಿಸಿ ಕೊಟ್ಟದ್ದು ಅವಳ ಬೇರೊಂದು ಮಾತಿಗೆ ಉತ್ತರವಾಗಿ ಹೋಗಿ ಮುಟ್ಟುತ್ತಿತ್ತು. ಹಳೆಯ ತಪ್ಪಿಗೆ ಹೊಸ ಬೈಗುಳ, ಹೊಸ ತಪ್ಪಿಗೆ ಅರ್ಧ ಬೈಗುಳ. ಒಂದು ಸಲ ಇಬ್ಬರೂ ಒಟ್ಟಿಗೆ ಕೂಗಿದರು; ಒಂದು ಸಲ ಇಬ್ಬರೂ ಒಟ್ಟಿಗೆ ಕಾದರು. ಹೂವಿನ ಚಿತ್ರ ಹೊರುವ, ಹೆಬ್ಬೆರಳು ಹೊರುವ, ‘ಆರಾಮು’ ಹೊರುವ ಆ ಯಂತ್ರಕ್ಕೆ ಗಂಡಹೆಂಡಿರ ಒಂದು ಅಚ್ಚುಕಟ್ಟಾದ ಜಗಳ ಹೊರುವ ತಾಕತ್ತಿರಲಿಲ್ಲ.

“ಥೂ, ಇದರ ಮನೆ ಹಾಳಾಗ!” ಎಂದಳು ಹೆಂಡತಿ. ಅದು ಮಾತ್ರ ಸ್ಪಷ್ಟವಾಗಿ ಬಂತು. ಕಲ್ಲಾಗಿದ್ದ ಮುಖವೂ ಆಗಲೇ ಕದಲಿತು. ಕಣ್ಣು ಕೆಂಪಗಿತ್ತು, ಮೂಗು ಕೆಂಪಗಿತ್ತು, ಕತ್ತರಿ ಇನ್ನೂ ಕೈಯಲ್ಲೇ ಇತ್ತು. ಹಿಂದಿನಿಂದ ಮಗಳು “ಅಮ್ಮಾ, ಸಾಕು ಬಿಡಮ್ಮಾ” ಎಂದಳು.

“ನೀನು ಸುಮ್ಮನಿರೇ. ಮಗು ನೋಡಿಕೊಳ್ಳೋಕೆ ಯಾರನ್ನಾದರೂ ಹುಡುಕಿಕೋ” ಎಂದಳು ಅವಳು ತಿರುಗದೆಯೇ. ಆಮೇಲೆ ಇವನಿಗೆ: “ರೀ, ಈ ಜಗಳ ಇದರಲ್ಲಿ ಮುಗಿಯೋದಲ್ಲ. ಮದುವೆಯಾದಾಗಿನಿಂದ ಬಾಕಿ ಇರೋದು. ಬಸ್ಸು ಬಿಟ್ಟ ದಿನಾನೇ ಬರ್ತೀನಿ. ಎದುರಿಗೇ ಕೂತು ಮಾತಾಡಬೇಕು. ಕನ್ನಡಿ ಕಡೆ ತಿರುಗಿದ್ರೋ, ಜೋಕೆ!”

“ಬಾ! ಬಾ, ನಾನೂ ನೋಡೇಬಿಡ್ತೀನಿ! ನನ್ನ ಹತ್ರನೂ ಬೇಕಾದಷ್ಟಿದೆ!” ಎಂದು ಸೇನಾಪತಿ ಗರ್ಜಿಸಿದ. ಆದರೆ ಹಲಗೆ ಅಷ್ಟರಲ್ಲಿ ಕಪ್ಪಾಗಿತ್ತು. ಕಡೆಯ ಮಾತು ಅವಳದೇ ಆಯಿತಲ್ಲ ಎಂದು ಅವನು ಕುರ್ಚಿಯಿಂದ ಧುಮುಕಿ, ಶಟರು ಎತ್ತಿ, ಬಾಗಿಲಲ್ಲಿ ನಿಂತು ಬುಸುಗುಟ್ಟಿದ.

ದರ್ಜಿ ಆಗಲೇ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಂದಿದ್ದ. “ಏನಯ್ಯಾ ಅದು? ಬೀದಿಗೆಲ್ಲ ಕೇಳಿಸ್ತು! ಎಮ್ಮೆಗೆ ಮಾತು ಬಂತಾ?”

“ಬರ್ತಾಳಂತೆ! ಬಸ್ಸು ಬಿಟ್ಟ ದಿನಾನೇ ಬರ್ತಾಳಂತೆ, ಜಗಳಕ್ಕೆ!”

“ಹಾಗಾದ್ರೆ ಮೊದಲು ಮನೆ ಗುಡಿಸು ಹೋಗು. ತಟ್ಟೆ ತೊಳಿ.”

“ಯಾಕೆ? ಅವಳೇನು ಮನೆ ನೋಡೋಕೆ ಬರ್ತಿದ್ದಾಳಾ?”

“ಅಲ್ಲಪ್ಪಾ, ಕೊಳಕು ಕಂಡ್ರೆ ಬಾಗಿಲಲ್ಲೇ ಅವರು ಒಂದು ಹೆಜ್ಜೆ ಮುಂದೆ ಆಗಿಬಿಡ್ತಾರೆ. ನೀನು ಬಾಯಿ ತೆಗೆಯೋ ಮೊದಲೇ ಸೋತು ಕೂತಿರ್ತೀಯ.”

ಸೇನಾಪತಿ ಯೋಚಿಸಿದ. ಶತ್ರುವಿಗೆ ಅಂಥ ಅನುಕೂಲ ಬಿಟ್ಟುಕೊಡುವ ಮೂರ್ಖ ಅವನಲ್ಲ. ಹಲ್ಲು ಕಡಿಯುತ್ತ ಒಳಗೆ ಹೋಗಿ ಪೊರಕೆ ಎತ್ತಿಕೊಂಡ.